ಓದುಗರ ಪ್ರಶ್ನೆ, ವೈದ್ಯರ ಉತ್ತರ: ಗರ್ಭ ಪರೀಕ್ಷೆಯ ಕಿಟ್‌ನಲ್ಲಿ ಕಂಡ ಗೆರೆ

ಈ ಸಂಚಿಕೆಗಾಗಿ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯಲ್ಲೇ ಮಾಡಿಕೊಳ್ಳುವ ಗರ್ಭಧಾರಣೆ ಪರೀಕ್ಷೆಯ ಬಗ್ಗೆಯೇ ಇರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೆ ಮೀಸಲಿಟ್ಟಿದ್ದೇನೆ. ಬರೆದವರಲ್ಲಿ ಬಹುತೇಕರು ಹೆಸರು ಪ್ರಕಟಿಸಬೇಡಿ ಎಂದು ಕೋರಿದ್ದಾರೆ; ಆದ್ದರಿಂದ ಯಾರ ಹೆಸರನ್ನೂ ಕೊಟ್ಟಿಲ್ಲ, ಉದ್ದದ ಪತ್ರಗಳನ್ನು ಚಿಕ್ಕದಾಗಿಸಿದ್ದೇನೆ. ಎಲ್ಲವನ್ನೂ ಓದಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಕಿಟ್ ಬಳಸುವ ವಿಧಾನದಲ್ಲಿ ತಪ್ಪುವವರಿಗಿಂತ ಬಳಸುವ ದಿನದ ಲೆಕ್ಕದಲ್ಲಿ ತಪ್ಪುವವರೇ ಹೆಚ್ಚು. ಕಿಟ್‌ಗೆ ಉತ್ತರಿಸಲು ಬಾರದ ಪ್ರಶ್ನೆಗಳನ್ನು ಅದರ ಮುಂದಿಟ್ಟು ಕೂರುವವರು ಇನ್ನೂ ಹೆಚ್ಚು.

ಪ್ರಶ್ನೆ: ನನಗೆ 27 ವರ್ಷ. ಮುಟ್ಟು ಸಾಮಾನ್ಯವಾಗಿ 28ರಿಂದ 30 ದಿನಕ್ಕೆ ಬರುತ್ತದೆ. ಈ ಸಲ ಮುಟ್ಟಿನ ದಿನಕ್ಕೆ ನಾಲ್ಕು ದಿನ ಮೊದಲೇ ಕಿಟ್ ತಂದು ನೋಡಿದೆ, ಒಂದೇ ಗೆರೆ ಬಂತು. ಮುಟ್ಟಾಗಬೇಕಿದ್ದ ದಿನ ಸಂಜೆ ಇನ್ನೊಂದರಲ್ಲಿ ನೋಡಿದೆ, ಆಗಲೂ ಒಂದೇ ಗೆರೆ. ವಾರ ಕಳೆದು ಬೆಳಿಗ್ಗೆ ನೋಡಿದಾಗ ಎರಡು ಗೆರೆ ಸ್ಪಷ್ಟವಾಗಿ ಬಂದವು. ಮೊದಲಿನ ಎರಡು ಕಿಟ್‌ಗಳು ಕೆಟ್ಟಿದ್ದವೆ? ದುಬಾರಿ ಕಿಟ್ ಕೊಳ್ಳಬೇಕಿತ್ತೆ? (ಹಾಸನ)

ಉತ್ತರ: ಕಿಟ್‌ಗಳು ಕೆಟ್ಟಿರಲಿಕ್ಕಿಲ್ಲ. ಅವು ಗುರುತಿಸುವಷ್ಟು ಹಾರ್ಮೋನ್ ಆ ದಿನಗಳಲ್ಲಿ ನಿಮ್ಮ ಮೂತ್ರದಲ್ಲಿ ಇದ್ದಿರಲಿಲ್ಲ, ಅಷ್ಟೆ. ಈ ಕಿಟ್ ಹುಡುಕುವುದು ಎಚ್‌ಸಿಜಿ ಎಂಬ ಒಂದೇ ಒಂದು ಹಾರ್ಮೋನನ್ನು. ಮುಂದೆ ಮಾಸು ಆಗಲಿರುವ ಜೀವಕೋಶಗಳು ಅದನ್ನು ತಯಾರಿಸುತ್ತವೆ. ಭ್ರೂಣವು ಗರ್ಭಕೋಶದ ಒಳಪದರಕ್ಕೆ ಅಂಟಿಕೊಂಡ ಮೇಲಷ್ಟೇ ಅದು ತಾಯಿಯ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ ಇಳಿಯುತ್ತದೆ. ಅಂಡ ಬಿಡುಗಡೆಯಾದ 6ರಿಂದ 12 ದಿನಗಳ ನಡುವೆ, ಹೆಚ್ಚಿನವರಲ್ಲಿ 8ರಿಂದ 10ನೇ ದಿನದಲ್ಲಿ, ಈ ಅಂಟಿಕೊಳ್ಳುವಿಕೆ ನಡೆಯುತ್ತದೆ. ನಂತರ ಎಚ್‌ಸಿಜಿ ಪ್ರಮಾಣ ಎರಡು ಮೂರು ದಿನಗಳಿಗೊಮ್ಮೆ ಇಮ್ಮಡಿಯಾಗುತ್ತ ಏರುತ್ತದೆ. ನಮ್ಮಲ್ಲಿ ಮಾರಾಟವಾಗುವ ಹೆಚ್ಚಿನ ಕಿಟ್‌ಗಳಿಗೆ ಒಂದು ಮಿಲಿಲೀಟರ್ ಮೂತ್ರದಲ್ಲಿ ಸುಮಾರು 25 ಮಿಲಿ ಯೂನಿಟ್ ಎಚ್‌ಸಿಜಿ ಇದ್ದರೆ ಅದು ಕಾಣುತ್ತದೆ. ಅದಕ್ಕಿಂತ ಬಹಳ ಕಡಿಮೆಯಿದ್ದರೆ ಕಿಟ್‌ನ ಮಟ್ಟಿಗೆ ಅದು ಇಲ್ಲದಂತೆಯೇ ಸರಿ.

ಈಗ ನಿಮ್ಮ ದಿನಗಳನ್ನು ಇದಕ್ಕೆ ಹೊಂದಿಸಿ ನೋಡಿ. ಮುಟ್ಟಿಗೆ ನಾಲ್ಕು ದಿನ ಮೊದಲು ಭ್ರೂಣ ಅಂಟಿಕೊಂಡಿತ್ತೋ ಇಲ್ಲವೋ ಹೇಳಲಾಗದು. ಮುಟ್ಟಾಗಬೇಕಿದ್ದ ದಿನದ ಹೊತ್ತಿಗೂ ನೂರರಲ್ಲಿ ಸುಮಾರು ಹತ್ತು ಗರ್ಭಗಳು ಇನ್ನೂ ಅಂಟಿಕೊಂಡಿರುವುದೇ ಇಲ್ಲ. ಆ ದಿನ ನೀವು ಪರೀಕ್ಷಿಸಿದ್ದು ಸಂಜೆ. ದಿನವಿಡೀ ನೀರು, ಮಜ್ಜಿಗೆ, ಕಾಫಿ ಕುಡಿದ ಮೇಲಿನ ಮೂತ್ರ ತೆಳುವಾಗಿರುವುದರಿಂದ ಇದ್ದ ಅಲ್ಪ ಹಾರ್ಮೋನೂ ಅದರಲ್ಲಿ ತಿಳಿಯಾಗಿರುತ್ತದೆ. ರಾತ್ರಿಯಿಡೀ ಕಟ್ಟಿಕೊಂಡಿದ್ದ ಬೆಳಗಿನ ಮೊದಲ ಮೂತ್ರವನ್ನೇ ಬಳಸಿ ಎಂದು ನಾವು ಹೇಳುವುದು ಇದಕ್ಕಾಗಿ. ಮುಟ್ಟು ತಪ್ಪಿ ಒಂದು ವಾರ ಕಳೆದ ಮೇಲಾದರೆ ಈ ವ್ಯತ್ಯಾಸ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ.

ಮುಟ್ಟಿನ ಚಕ್ರ 35 ಅಥವಾ 40 ದಿನಗಳಿಗೆ ಹೋಗುವವರು ಇನ್ನೂ ಒಂದು ವಿಷಯ ಗಮನಿಸಬೇಕು. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು, ಹಿಂದಿನ ಮುಟ್ಟಾಗಿ 14 ದಿನಕ್ಕೆ ಎಂದೇನಲ್ಲ. ಪಿಸಿಒಡಿ (ಮುಟ್ಟು ಏರುಪೇರಾಗುವ ಅಂಡಾಶಯದ ಸಮಸ್ಯೆ) ಇರುವವರಲ್ಲಿ, ಮಗುವಿಗೆ ಹಾಲುಣಿಸುತ್ತಿರುವವರಲ್ಲಿ, ಮುಟ್ಟಿನ ದಿನವೇ ಗೊತ್ತಿಲ್ಲದವರಲ್ಲಿ ಈ ಲೆಕ್ಕ ಕೆಲಸಕ್ಕೆ ಬಾರದು. ಅಂಥವರು ಕೊನೆಯ ಸಂಪರ್ಕದ ದಿನದಿಂದ 21 ದಿನ ಎಣಿಸಿ ಪರೀಕ್ಷೆ ಮಾಡಿಕೊಂಡರೆ ಉತ್ತರವನ್ನು ನಂಬಬಹುದು.

ಬೆಲೆಯ ಬಗ್ಗೆ ಕೇಳಿದ್ದೀರಿ. ಹೆಚ್ಚು ಹಣ ಕೊಟ್ಟರೆ ಪೆಟ್ಟಿಗೆ ಚೆನ್ನಾಗಿರುತ್ತದೆ, ಹಿಡಿಯಲು ಅನುಕೂಲವಾಗುವ ಪ್ಲಾಸ್ಟಿಕ್ ಕಡ್ಡಿ ಸಿಗುತ್ತದೆ. ಒಳಗಿನ ಪಟ್ಟಿಯ ಕೆಲಸ ಎಲ್ಲದರಲ್ಲೂ ಒಂದೇ. ಆಶಾ ಕಾರ್ಯಕರ್ತೆಯರ ಬಳಿ ಮತ್ತು ಉಪಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ‘ನಿಶ್ಚಯ್’ ಕಿಟ್ ಕೂಡ ಇದೇ ಬಗೆಯದು. ಅವಧಿ ಮುಗಿದ ದಿನಾಂಕವನ್ನು ನೋಡಿ ಕೊಳ್ಳಿ, ಬೇಸಿಗೆಯಲ್ಲಿ ಒಲೆಯ ಪಕ್ಕದ ಶೆಲ್ಫ್‌ನಲ್ಲೋ ಕಾರಿನಲ್ಲೋ ಇಡಬೇಡಿ, ಅಷ್ಟು ಸಾಕು.

ನಿಮ್ಮ ಎರಡು ಗೆರೆಗಳಿಗೆ ಅಭಿನಂದನೆಗಳು. ಕೊನೆಯ ಮುಟ್ಟಿನ ಮೊದಲ ದಿನವನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಹೆರಿಗೆಯ ಅಂದಾಜು ದಿನವನ್ನು ಅಲ್ಲಿಂದ 280 ದಿನ ಎಣಿಸಿ ಹೇಳಲಾಗುತ್ತದೆ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಈಗಾಗಲೇ ತೆಗೆದುಕೊಳ್ಳುತ್ತಿಲ್ಲವಾದರೆ ಇಂದೇ ಪ್ರಾರಂಭಿಸಿ. ಥೈರಾಯ್ಡ್, ರಕ್ತದೊತ್ತಡ, ಮೂರ್ಛೆರೋಗ ಮುಂತಾದವುಗಳಿಗೆ ಮಾತ್ರೆ ನುಂಗುತ್ತಿದ್ದರೆ ನೀವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಿ. 12 ವಾರ ತುಂಬುವುದರೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿಕೊಳ್ಳಿ.

ಪ್ರಶ್ನೆ: ಮುಟ್ಟು ಐದು ದಿನ ತಡವಾಗಿತ್ತು. ಬೆಳಿಗ್ಗೆ ಪರೀಕ್ಷೆ ಮಾಡಿ ಒಂದೇ ಗೆರೆ ಕಂಡು ಕಿಟ್ಟನ್ನು ಬಚ್ಚಲುಮನೆಯ ಕಿಟಕಿಯ ಮೇಲಿಟ್ಟಿದ್ದೆ. ಅಡುಗೆ ಮುಗಿಸಿ ಬಂದು ನೋಡಿದರೆ ‘ಟಿ’ ಪಕ್ಕ ಮಸುಕಾದ ಇನ್ನೊಂದು ಗೆರೆ ಇತ್ತು. ಮಾರನೆಯ ದಿನ ಬೇರೆ ಕಿಟ್‌ನಲ್ಲಿ ಐದು ನಿಮಿಷಕ್ಕೇ ತಿಳಿ ಗುಲಾಬಿ ಗೆರೆ ಬಂತು. ಯಾವುದನ್ನು ನಂಬಲಿ? (ಶಿರಸಿ)

ಉತ್ತರ: ಮೊದಲನೆಯದನ್ನು ಬಿಟ್ಟುಬಿಡಿ, ಎರಡನೆಯದನ್ನು ನಂಬಿ. ಕಾರಣ ತಿಳಿಯಲು ಪಟ್ಟಿಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು. ಬೆಳ್ಳಿಬಣ್ಣದ ಪೊಟ್ಟಣವನ್ನು ಹರಿದಾಗ ಬಿಳಿಯ ಚಪ್ಪಟೆ ಪ್ಲಾಸ್ಟಿಕ್, ಒಂದು ಪುಟ್ಟ ಡ್ರಾಪರ್, ತೇವ ಹೀರಲು ಇಟ್ಟ ಸಿಲಿಕಾ ಜೆಲ್‌ನ ಚೀಲ ಸಿಗುತ್ತವೆ. ‘ಎಸ್’ ಎಂದು ಬರೆದಿರುವ ಗುಂಡಿಗೆ ಹಾಕಿದ ಮೂತ್ರದ ಹನಿಗಳು ಒಳಗಿನ ಕಾಗದದಂಥ ಪಟ್ಟಿಯಲ್ಲಿ ನಿಧಾನವಾಗಿ ಹರಿಯುತ್ತ ಹೋಗುವಾಗ, ಅಲ್ಲಿ ಒಣಗಿಸಿಟ್ಟಿರುವ ಪ್ರತಿಕಾಯಗಳನ್ನು, ಅಂದರೆ ಎಚ್‌ಸಿಜಿಯನ್ನು ಹಿಡಿದುಕೊಳ್ಳುವ ಪ್ರೋಟೀನುಗಳನ್ನು, ಜೊತೆಗೆ ಒಯ್ಯುತ್ತವೆ. ಈ ಪ್ರತಿಕಾಯಗಳಿಗೆ ಹೆಚ್ಚಿನ ಕಿಟ್‌ಗಳಲ್ಲಿ ಚಿನ್ನದ ಅತಿಸೂಕ್ಷ್ಮ ಕಣಗಳನ್ನು ಅಂಟಿಸಿರುತ್ತಾರೆ; ಅಷ್ಟು ಸಣ್ಣ ಗಾತ್ರದಲ್ಲಿ ಚಿನ್ನ ಹಳದಿಯಾಗಿ ಕಾಣದೆ ಕೆಂಪಾಗಿ ಕಾಣುತ್ತದೆ, ನಾವು ನೋಡುವ ಗುಲಾಬಿ ಗೆರೆ ಅದೇ. ಮೂತ್ರದಲ್ಲಿ ಎಚ್‌ಸಿಜಿ ಇದ್ದರೆ ಆ ಕಣಗಳು ‘ಟಿ’ ಗೆರೆಯಲ್ಲಿ ಸಿಕ್ಕಿಬೀಳುತ್ತವೆ. ಹಾರ್ಮೋನ್ ಇರಲಿ ಬಿಡಲಿ, ‘ಸಿ’ ಗೆರೆಯಲ್ಲಿ ಕೆಲವು ಕಣಗಳು ಸಿಕ್ಕಿಕೊಳ್ಳಲೇಬೇಕು, ಏಕೆಂದರೆ ದ್ರವ ಅಲ್ಲಿಯವರೆಗೆ ಹರಿದಿದೆ, ಪಟ್ಟಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ‘ಸಿ’ ಗೆರೆ ಬಾರದಿದ್ದರೆ ‘ಟಿ’ಯಲ್ಲಿ ಏನೇ ಕಂಡರೂ ಆ ಕಿಟ್ಟನ್ನು ಎಸೆದು ಹೊಸದನ್ನು ಬಳಸಬೇಕು. ಕೋವಿಡ್ ಕಾಲದಲ್ಲಿ ಮೂಗಿನ ದ್ರವ ಹಾಕಿ ನೋಡುತ್ತಿದ್ದ ಕಿಟ್ ಕೂಡ ಇದೇ ತಂತ್ರದ್ದು.

ಐದು ನಿಮಿಷಕ್ಕೆ ನೋಡಿ, ಹತ್ತು ನಿಮಿಷ ದಾಟಿದ ಮೇಲೆ ನೋಡಬೇಡಿ ಎಂದು ಒಳಗಿನ ಕಾಗದದಲ್ಲಿ ಬರೆದಿರುತ್ತದೆ. ಕೆಲವು ಕಂಪನಿಗಳ ಲೆಕ್ಕ ಸ್ವಲ್ಪ ಬೇರೆ ಇರಬಹುದು, ಆದ್ದರಿಂದ ಆ ಕಾಗದವನ್ನು ಓದದೆ ಎಸೆಯಬೇಡಿ. ಅವಧಿ ಮೀರಿದ ಮೇಲೆ ಪಟ್ಟಿ ಒಣಗುತ್ತ ಬಂದಂತೆ ‘ಟಿ’ ಇರುವ ಜಾಗದಲ್ಲಿ ಬೂದು ಬಣ್ಣದ, ತೆಳ್ಳನೆಯ, ಗುಲಾಬಿಯ ಸುಳಿವೇ ಇಲ್ಲದ ಗುರುತೊಂದು ಮೂಡುವುದುಂಟು. ಅದು ದ್ರವ ಆರಿದ ಗುರುತು, ಗರ್ಭದ ಗುರುತಲ್ಲ. ಕಿಟಕಿಯ ಮೇಲೆ ನೀವು ಕಂಡದ್ದು ಅದೇ ಆಗಿದ್ದೀತು. ಆಗಿರದಿದ್ದರೂ ಆ ಹೊತ್ತಿನಲ್ಲಿ ಓದಿದ ಫಲಿತಾಂಶಕ್ಕೆ ಬೆಲೆಯಿಲ್ಲ. ಕಸದ ಬುಟ್ಟಿಯಿಂದ ಹಳೆಯ ಕಿಟ್ಟನ್ನು ಹೊರತೆಗೆದು ಮೊಬೈಲ್ ಟಾರ್ಚ್ ಹಿಡಿದು ನೋಡುವವರೂ ಇದ್ದಾರೆ. ದಯವಿಟ್ಟು ಬೇಡ.

ಎರಡನೆಯ ದಿನದ ತಿಳಿ ಗುಲಾಬಿ ಗೆರೆ ಹೇಳಿದ ಸಮಯದೊಳಗೆ ಬಂದಿದೆ, ಅದಕ್ಕೆ ಬಣ್ಣವಿದೆ. ಎಷ್ಟೇ ಮಸುಕಾಗಿದ್ದರೂ ಅದನ್ನು ಪಾಸಿಟಿವ್ ಎಂದೇ ಓದಬೇಕು. ಹಾರ್ಮೋನ್ ಇನ್ನೂ ಕಡಿಮೆಯಿದೆ ಎಂಬುದಷ್ಟೇ ಮಸುಕಿನ ಅರ್ಥ. ಎರಡು ದಿನ ಬಿಟ್ಟು ಬೆಳಗಿನ ಮೊದಲ ಮೂತ್ರದಲ್ಲಿ ಮತ್ತೆ ನೋಡಿದರೆ ಗೆರೆ ಗಾಢವಾಗಿರುವುದು ಸಾಮಾನ್ಯ. ಗೆರೆ ಗಾಢವಾಗುವ ಬದಲು ಕಾಣೆಯಾಗಿ, ಕೆಲವೇ ದಿನಗಳಲ್ಲಿ ಮುಟ್ಟಿನಂಥದೇ ರಕ್ತಸ್ರಾವ ಆದರೆ, ಅಂಟಿಕೊಂಡ ಭ್ರೂಣ ಬೇಗನೆ ಉಳಿಯದೆ ಹೋಯಿತು ಎಂದು ತಿಳಿಯಬೇಕು. ಇದು ಬಹಳ ಸಾಮಾನ್ಯವಾದದ್ದು, ಮತ್ತು ಹೆಚ್ಚಿನ ಸಲ ಭ್ರೂಣದ ವರ್ಣತಂತುಗಳ ದೋಷದಿಂದ ಆಗುವಂಥದ್ದು. ಮೆಟ್ಟಿಲು ಹತ್ತಿದ್ದು, ಪಪ್ಪಾಯಿ ತಿಂದದ್ದು, ಬಸ್ಸಿನಲ್ಲಿ ಹೋಗಿಬಂದದ್ದು ಕಾರಣವೆಂದು ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ, ಮನೆಯವರಿಗೂ ಹಾಗೆ ಹೇಳಲು ಅವಕಾಶ ಕೊಡಬೇಡಿ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಅಥವಾ ಗೆರೆ ಹಾಗೆಯೇ ಮಸುಕಾಗಿ ಉಳಿದರೆ, 48 ಗಂಟೆಗಳ ಅಂತರದಲ್ಲಿ ಎರಡು ಸಲ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ ಮಾಡಿಸಿ. ಹಾರ್ಮೋನ್ ಇದೆಯೋ ಇಲ್ಲವೋ ಎಂದಷ್ಟೇ ಕಿಟ್ ಹೇಳುತ್ತದೆ, ಎಷ್ಟಿದೆ ಎಂದೂ ರಕ್ತಪರೀಕ್ಷೆ ಹೇಳುತ್ತದೆ.

ಪ್ರಶ್ನೆ: ಹಣ ಕೊಟ್ಟು ಕಿಟ್ ತರುವುದೇಕೆ, ಟೂತ್‌ಪೇಸ್ಟ್ ಅಥವಾ ಉಪ್ಪಿಗೆ ಮೂತ್ರ ಬೆರೆಸಿದರೆ ಗೊತ್ತಾಗುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ಗೆರೆ ಗಾಢವಾಗಿದ್ದರೆ ಗಂಡು ಮಗು, ಇಲ್ಲವೇ ಅವಳಿ ಎಂದೂ ಹೇಳುತ್ತಾರೆ. ನಿಜವೆ? (ಕೊಪ್ಪಳ)

ಉತ್ತರ: ಯಾವುದೂ ನಿಜವಲ್ಲ. ಅನೇಕ ಟೂತ್‌ಪೇಸ್ಟ್‌ಗಳಲ್ಲಿ ಸುಣ್ಣದ ಕಾರ್ಬೋನೇಟ್ ಇರುತ್ತದೆ. ಮೂತ್ರ ಆಮ್ಲೀಯವಾಗಿದ್ದರೆ ಅದು ನೊರೆ ಬಿಡುತ್ತದೆ, ನಿಮ್ಮ ಯಜಮಾನರ ಮೂತ್ರ ಹಾಕಿದರೂ ಬಿಡುತ್ತದೆ. ಉಪ್ಪು, ಸಕ್ಕರೆ, ಸೋಪುಗಳ ಕಥೆಯೂ ಹೀಗೆಯೇ. ಬ್ಲೀಚಿಂಗ್ ಪೌಡರ್ ಬಳಸುವ ಪ್ರಯೋಗವನ್ನಂತೂ ಮಾಡಲೇಬೇಡಿ, ಮೂತ್ರದೊಡನೆ ಬೆರೆತಾಗ ಏಳುವ ಹೊಗೆ ಶ್ವಾಸಕೋಶಕ್ಕೆ ಅಪಾಯಕಾರಿ. ಹಾಗೆಂದು ಮೂತ್ರದಿಂದ ಗರ್ಭ ತಿಳಿಯುವ ಯೋಚನೆಯನ್ನು ಹಳೆಯ ಕಾಲದ್ದೆಂದು ನಗುವಂತಿಲ್ಲ. 1930ರ ದಶಕದಿಂದ ಕೆಲವು ದಶಕಗಳ ಕಾಲ ಆಸ್ಪತ್ರೆಗಳಲ್ಲೇ ಮಹಿಳೆಯ ಮೂತ್ರವನ್ನು ಆಫ್ರಿಕದ ಒಂದು ಜಾತಿಯ ಹೆಣ್ಣು ಕಪ್ಪೆಗೆ ಚುಚ್ಚಿ, ಅದು ಮೊಟ್ಟೆಯಿಡುತ್ತದೆಯೇ ಎಂದು ನೋಡುತ್ತಿದ್ದರು. ಮೊಟ್ಟೆಯಿಡಿಸುತ್ತಿದ್ದದ್ದು ಇದೇ ಎಚ್‌ಸಿಜಿ. ಕಪ್ಪೆಗೆ ಅಂಡಾಶಯವಿದೆ, ಟೂತ್‌ಪೇಸ್ಟ್‌ಗೆ ಇಲ್ಲ.

ಗೆರೆಯ ಬಣ್ಣ ಮೂತ್ರದ ಸಾಂದ್ರತೆ, ಗರ್ಭದ ದಿನ, ಕಿಟ್‌ನ ತಯಾರಿಕೆ ಇವುಗಳ ಮೇಲೆ ನಿಂತಿದೆ. ಅವಳಿಯೆಂದು ತಿಳಿಯಲು ಸ್ಕ್ಯಾನಿಂಗ್ ಬೇಕು. ಗಂಡೋ ಹೆಣ್ಣೋ ಎಂಬುದನ್ನು ಕಿಟ್ ಹೇಳಲಾರದು, ಸ್ಕ್ಯಾನ್ ಮಾಡುವವರು ಹೇಳಬಾರದು. 1994ರ ಕಾನೂನಿನ ಪ್ರಕಾರ ಹೇಳುವುದೂ ಅಪರಾಧ, ಹೇಳಿಸಿಕೊಳ್ಳಲು ಹೋಗುವುದೂ ಅಪರಾಧ. ಅತ್ತೆಯವರಿಗೆ ಇದನ್ನು ಓದಿ ಹೇಳಿ.

ಪ್ರಶ್ನೆ: ನನಗೆ 20 ವರ್ಷ, ಹಾಸ್ಟೆಲ್‌ನಲ್ಲಿದ್ದೇನೆ. ಹನ್ನೆರಡು ದಿನಗಳ ಹಿಂದೆ ಸಂಪರ್ಕವಾದ ಮರುದಿನ ತುರ್ತು ಗರ್ಭನಿರೋಧಕ ಮಾತ್ರೆ ನುಂಗಿದೆ. ಈಗ ಮುಟ್ಟು ಮೂರು ದಿನ ತಡವಾಗಿದೆ. ಮೂರು ಸಲ ಪರೀಕ್ಷಿಸಿದರೂ ಒಂದೇ ಗೆರೆ. ಆ ಮಾತ್ರೆಯಿಂದ ಫಲಿತಾಂಶ ತಪ್ಪಾಗುತ್ತದೆಯೆ? ಪಾಸಿಟಿವ್ ಬಂದರೆ ಆಸ್ಪತ್ರೆಯವರು ಮನೆಗೆ ತಿಳಿಸುತ್ತಾರೆಯೆ? (ಬೆಂಗಳೂರು)

ಉತ್ತರ: ಮಾತ್ರೆಯಿಂದ ಕಿಟ್‌ನ ಫಲಿತಾಂಶ ಬದಲಾಗುವುದಿಲ್ಲ, ಅದರಲ್ಲಿರುವುದು ಲೆವೊನಾರ್ಜೆಸ್ಟ್ರಲ್, ಎಚ್‌ಸಿಜಿ ಅಲ್ಲ. ನೋವಿನ ಮಾತ್ರೆ, ಆಂಟಿಬಯೋಟಿಕ್, ದಿನವೂ ನುಂಗುವ ಗರ್ಭನಿರೋಧಕ ಮಾತ್ರೆಗಳಿಂದಲೂ ಬದಲಾಗುವುದಿಲ್ಲ. ಆದರೆ ತುರ್ತು ಮಾತ್ರೆ ಮುಟ್ಟಿನ ದಿನವನ್ನು ಒಂದು ವಾರದಷ್ಟು ಹಿಂದೆಮುಂದೆ ಮಾಡಬಹುದು, ನಿಮಗೆ ತಡವಾಗಿರುವುದಕ್ಕೆ ಅದೇ ಕಾರಣ ಇರಬಹುದು. ಹನ್ನೆರಡನೆಯ ದಿನ ಬಂದ ನೆಗೆಟಿವ್ ಮೇಲೆ ಭಾರ ಹಾಕುವಂತಿಲ್ಲ. ಈ ವಾರ ದಿನಕ್ಕೊಂದು ಕಿಟ್ ಕೊಂಡು ಹಣವನ್ನೂ ನಿದ್ದೆಯನ್ನೂ ಕಳೆದುಕೊಳ್ಳದೆ, ಸಂಪರ್ಕವಾದ ದಿನದಿಂದ 21 ದಿನ ತುಂಬಿದ ಬೆಳಿಗ್ಗೆ ಒಮ್ಮೆ ಸರಿಯಾಗಿ ಪರೀಕ್ಷಿಸಿ. ಆ ದಿನವೂ ನೆಗೆಟಿವ್ ಬಂದರೆ, ನಡುವೆ ಬೇರೆ ಸಂಪರ್ಕ ಆಗಿಲ್ಲದಿದ್ದರೆ, ಗರ್ಭ ಇಲ್ಲವೆಂದು ನಂಬಬಹುದು. ಮುಟ್ಟು ಆಮೇಲೂ ಬಾರದಿದ್ದರೆ ಕಾರಣ ಬೇರೆಡೆ ಹುಡುಕಬೇಕು: ಓದು-ಪರೀಕ್ಷೆಗಳ ಒತ್ತಡ, ತೂಕದ ಏರಿಳಿತ, ಥೈರಾಯ್ಡ್, ಪಿಸಿಒಡಿ.

ಪಾಸಿಟಿವ್ ಬಂದರೆ ಮೆಡಿಕಲ್ ಶಾಪ್‌ನಿಂದ ಗರ್ಭಪಾತದ ಮಾತ್ರೆಯನ್ನು ನೀವೇ ತಂದು ನುಂಗಬೇಡಿ. ಗರ್ಭ ಎಲ್ಲಿದೆ, ಎಷ್ಟು ವಾರದ್ದು ಎಂಬುದು ಕಿಟ್‌ನಿಂದ ತಿಳಿಯುವುದಿಲ್ಲ, ತಿಳಿಯದೆ ನುಂಗಿದ ಮಾತ್ರೆ ಪ್ರಾಣಕ್ಕೆ ಬರಬಹುದು. ನಮ್ಮ ದೇಶದಲ್ಲಿ ವೈದ್ಯಕೀಯ ಗರ್ಭಪಾತಕ್ಕೆ 1971ರಿಂದಲೂ ಕಾನೂನಿದೆ. 2021ರ ತಿದ್ದುಪಡಿಯ ನಂತರ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು, ಮಾತ್ರೆಗಳಿಂದ ಮಾಡುವುದಕ್ಕೆ 9 ವಾರಗಳ ಮಿತಿಯಿದೆ. ಮದುವೆಯಾಗದವರಿಗೂ ಮದುವೆಯಾದವರಷ್ಟೇ ಹಕ್ಕು ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ನಿಮಗೆ 18 ತುಂಬಿರುವುದರಿಂದ ನಿಮ್ಮ ಒಪ್ಪಿಗೆಯೊಂದೇ ಬೇಕು. ತಂದೆತಾಯಿಯ ಸಹಿ ಬೇಡ, ಹುಡುಗನ ಸಹಿಯೂ ಬೇಡ. ಕಾನೂನು ಅಧಿಕಾರ ಕೊಟ್ಟವರನ್ನು ಬಿಟ್ಟು ಬೇರೆ ಯಾರಿಗೂ ವೈದ್ಯರು ನಿಮ್ಮ ಹೆಸರು ಹೇಳುವಂತಿಲ್ಲ. ಯಾರಾದರೂ ಹಾಗಲ್ಲವೆಂದು ಗದರಿಸಿದರೆ ಬೇರೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮಕ್ಕಳಾಗದ್ದಕ್ಕೆ ಚಿಕಿತ್ಸೆ ಪಡೆಯುತ್ತಿದ್ದೇನೆ. ಅಂಡ ಬಿಡುಗಡೆಗೆಂದು ಎಚ್‌ಸಿಜಿ ಇಂಜೆಕ್ಷನ್ ಕೊಟ್ಟು ಆರು ದಿನವಾಗಿದೆ. ತಡೆಯಲಾಗದೆ ಪರೀಕ್ಷಿಸಿದೆ, ಎರಡು ಗೆರೆ ಬಂದವು. (ದಾವಣಗೆರೆ)

ಉತ್ತರ: ನಿಮ್ಮ ಸಂತೋಷಕ್ಕೆ ತಣ್ಣೀರೆರಚಲು ಮನಸ್ಸಿಲ್ಲ, ಆದರೂ ಹೇಳಬೇಕು: ಕಿಟ್ ಗುರುತಿಸಿರುವುದು ಇಂಜೆಕ್ಷನ್‌ನ ಹಾರ್ಮೋನನ್ನೇ. 5,000 ಅಥವಾ 10,000 ಯೂನಿಟ್‌ಗಳ ಇಂಜೆಕ್ಷನ್ ದೇಹದಿಂದ ಪೂರ್ತಿ ಹೋಗಲು ಹತ್ತರಿಂದ ಹದಿನಾಲ್ಕು ದಿನ ಹಿಡಿಯಬಹುದು. ನಿಮ್ಮ ವೈದ್ಯರು ರಕ್ತಪರೀಕ್ಷೆಗೆ ಕೊಟ್ಟ ದಿನದವರೆಗೆ ಕಾಯಿರಿ. ಗರ್ಭಪಾತ ಅಥವಾ ಹೆರಿಗೆಯಾದ ಮೇಲೂ ಕೆಲವು ವಾರ ಹೀಗೆಯೇ ಎರಡು ಗೆರೆ ಬರುತ್ತಿರುತ್ತವೆ ಎಂಬುದನ್ನು ಉಳಿದ ಓದುಗರೂ ಗಮನಿಸಬೇಕು.

ಪ್ರಶ್ನೆ: ನನ್ನ ಹೆಂಡತಿಗೆ ಹತ್ತು ದಿನಗಳ ಹಿಂದೆ ಕಿಟ್‌ನಲ್ಲಿ ಪಾಸಿಟಿವ್ ಬಂದಿದೆ. ನಿನ್ನೆಯಿಂದ ಸ್ವಲ್ಪ ಕಂದು ಬಣ್ಣದ ಸ್ರಾವ, ಹೊಟ್ಟೆಯ ಕೆಳಗೆ ಬಲಬದಿಗೆ ನೋವು, ಎದ್ದರೆ ತಲೆ ಸುತ್ತು. ಮೂರು ತಿಂಗಳು ತುಂಬುವವರೆಗೆ ಆಸ್ಪತ್ರೆ ಬೇಡ, ದೃಷ್ಟಿಯಾಗುತ್ತದೆ ಎಂದು ನಮ್ಮವ್ವ ಹೇಳುತ್ತಾಳೆ. ಪಾಸಿಟಿವ್ ಬಂದ ಮೇಲೆ ಎಲ್ಲ ಸರಿಯಿದೆ ಎಂದಲ್ಲವೆ? (ರಾಯಚೂರು)

ಉತ್ತರ: ಈ ಪತ್ರಕ್ಕೆ ಅಂಕಣದವರೆಗೆ ಕಾಯದೆ ಅಂದೇ ಫೋನಿನಲ್ಲಿ ಉತ್ತರಿಸಿದ್ದೇವೆ. ಇಂಥದೇ ಪರಿಸ್ಥಿತಿಯಲ್ಲಿ ಇನ್ನೊಬ್ಬರು ಇರಬಹುದೆಂದು ಇಲ್ಲಿ ಪ್ರಕಟಿಸುತ್ತಿದ್ದೇನೆ. ಎರಡು ಗೆರೆ ಬಂದರೆ ದೇಹದಲ್ಲಿ ಎಲ್ಲೋ ಒಂದು ಗರ್ಭ ಬೆಳೆಯುತ್ತಿದೆ ಎಂದು ಅರ್ಥ, ಅದು ಗರ್ಭಕೋಶದಲ್ಲೇ ಇದೆ ಎಂದಲ್ಲ. ನೂರು ಗರ್ಭಗಳಲ್ಲಿ ಒಂದೆರಡು ಗರ್ಭಕೋಶದ ಹೊರಗೆ, ಹೆಚ್ಚಾಗಿ ಅಂಡನಾಳದಲ್ಲಿ ನಿಲ್ಲುತ್ತವೆ. ಕಿರುಬೆರಳಿಗಿಂತಲೂ ಸಣ್ಣಗಿರುವ ಆ ನಾಳ ಬೆಳೆಯುವ ಗರ್ಭವನ್ನು ತಾಳಲಾರದೆ ಒಡೆದರೆ ಹೊಟ್ಟೆಯೊಳಗೆ ರಕ್ತ ತುಂಬುತ್ತದೆ, ಹೊರಗೆ ಕಾಣುವ ಸ್ರಾವ ಮಾತ್ರ ಸ್ವಲ್ಪವೇ ಇರುತ್ತದೆ. ಕಿಬ್ಬೊಟ್ಟೆಯ ಒಂದು ಬದಿಯ ನೋವು, ರಕ್ತ ಕಾಣುವುದು, ಭುಜದ ತುದಿಯಲ್ಲಿ ಕಾರಣವಿಲ್ಲದ ನೋವು, ತಲೆ ಸುತ್ತಿ ಬೀಳುವುದು, ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸೆ ಮಾಡಬಲ್ಲ ಆಸ್ಪತ್ರೆಗೆ ಆ ಗಳಿಗೆಯಲ್ಲೇ ಹೊರಡಬೇಕು. ರಾತ್ರಿಯಾಗಿದ್ದರೆ ಬೆಳಗಾಗಲಿ ಎಂದು ಕಾಯಬಾರದು. ಹೋಗುವಾಗ ಕಿಟ್ ಪಾಸಿಟಿವ್ ಬಂದ ವಿಷಯವನ್ನು ಮೊದಲ ಮಾತಿನಲ್ಲೇ ಹೇಳಿ, ಏಕೆಂದರೆ ಅದು ಗೊತ್ತಿಲ್ಲದ ಕಡೆ ಈ ನೋವನ್ನು ಗ್ಯಾಸ್ಟ್ರಿಕ್ ಅಥವಾ ಅಪೆಂಡಿಕ್ಸ್ ಎಂದುಕೊಂಡು ಸಮಯ ಕಳೆಯಬಹುದು.

ಹಿರಿಯರ ಮಾತಿನ ಬಗ್ಗೆ: ಗರ್ಭ ನಿಂತ ಸುದ್ದಿಯನ್ನು ಮೂರು ತಿಂಗಳು ನೆಂಟರಿಷ್ಟರಿಗೆ ಹೇಳದಿದ್ದರೆ ತೊಂದರೆಯಿಲ್ಲ. ವೈದ್ಯರಿಂದ ಮುಚ್ಚಿಡುವುದು ಬೇರೆ ವಿಷಯ. ಯಾವ ನೋವೂ ಇಲ್ಲದವರು ಸಹ ಆರೇಳು ವಾರದ ಹೊತ್ತಿಗೆ ಒಂದು ಸ್ಕ್ಯಾನ್ ಮಾಡಿಸಿಕೊಂಡರೆ ಗರ್ಭ ಸರಿಯಾದ ಜಾಗದಲ್ಲಿದೆಯೆ, ಹೃದಯ ಬಡಿಯುತ್ತಿದೆಯೆ ಎಂಬುದು ತಿಳಿಯುತ್ತದೆ. ಹಿಂದೆ ಅಂಡನಾಳದ ಗರ್ಭವಾಗಿದ್ದವರು, ನಾಳದ ಶಸ್ತ್ರಚಿಕಿತ್ಸೆಯಾದವರು, ಕಾಪರ್ ಟಿ ಇರುವಾಗಲೇ ಪಾಸಿಟಿವ್ ಬಂದವರು ಅಷ್ಟು ದಿನವೂ ಕಾಯಬಾರದು.

ಪ್ರಶ್ನೆ: ನನಗೆ 46. ಮೂರು ತಿಂಗಳಿಂದ ಮುಟ್ಟಾಗಿಲ್ಲ. ನಿಂತಿರಬೇಕು ಎಂದುಕೊಂಡಿದ್ದೆ, ಆದರೆ ಹೊಟ್ಟೆ ತೊಳಸಿದಂತಾಗುತ್ತದೆ. ಮೆಡಿಕಲ್ ಶಾಪ್‌ನವರು ಪರಿಚಯದವರಾದ್ದರಿಂದ ಈ ವಯಸ್ಸಿನಲ್ಲಿ ಕಿಟ್ ಕೇಳಲು ಸಂಕೋಚವಾಗಿ ಆನ್‌ಲೈನ್‌ನಲ್ಲಿ ತರಿಸಿದೆ. ನೆಗೆಟಿವ್ ಬಂತು. ಇಷ್ಟಕ್ಕೆ ಬಿಡಬಹುದೆ? (ಮಂಗಳೂರು ಹತ್ತಿರದ ಊರು)

ಉತ್ತರ: ಬಿಡಬೇಡಿ, ಒಂದು ಸಲ ಸ್ಕ್ಯಾನ್ ಮಾಡಿಸಿ. ಈ ವಯಸ್ಸಿನಲ್ಲಿ ಮುಟ್ಟು ತಿಂಗಳುಗಟ್ಟಲೆ ತಪ್ಪುವುದು ಸಾಮಾನ್ಯ, ನಿಮ್ಮ ಫಲಿತಾಂಶ ಸರಿಯಿರುವ ಸಾಧ್ಯತೆಯೇ ಹೆಚ್ಚು. ಆದರೂ ಎರಡು ಕಾರಣಗಳಿಗೆ ಎಚ್ಚರಿಕೆ ಬೇಕು. ಗರ್ಭ ಎರಡು ಮೂರು ತಿಂಗಳದ್ದಾಗಿದ್ದಾಗ ಎಚ್‌ಸಿಜಿ ಮತ್ತು ಅದರ ಚೂರುಗಳು ಮೂತ್ರದಲ್ಲಿ ವಿಪರೀತ ಹೆಚ್ಚಿರುತ್ತವೆ. ಅವು ಪಟ್ಟಿಯ ಪ್ರತಿಕಾಯಗಳನ್ನೆಲ್ಲ ಮುತ್ತಿಕೊಂಡು ಗೆರೆ ಮೂಡದಂತೆ ಮಾಡಿ ಅಪರೂಪಕ್ಕೆ ಸುಳ್ಳು ನೆಗೆಟಿವ್ ಕೊಡುವುದುಂಟು. ಕಿಟ್ ತೀರಾ ಬೇಗ ನೋಡಿದರೆ ತಪ್ಪಬಹುದೆಂದು ಎಲ್ಲರಿಗೂ ಗೊತ್ತು, ತೀರಾ ತಡವಾಗಿ ನೋಡಿದರೂ ತಪ್ಪಬಹುದೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಎರಡನೆಯದಾಗಿ, ದ್ರಾಕ್ಷಿಗೊಂಚಲಿನಂತೆ ಬೆಳೆಯುವ ಮೋಲಾರ್ ಗರ್ಭ 40 ದಾಟಿದವರಲ್ಲಿ ಹೆಚ್ಚು, ಅದರಲ್ಲೂ ಹಾರ್ಮೋನ್ ಹೀಗೆ ಮಿತಿ ಮೀರುತ್ತದೆ. ಸ್ಕ್ಯಾನ್‌ನಲ್ಲಿ ಎರಡೂ ಅನುಮಾನಗಳು ಕೆಲವೇ ನಿಮಿಷಗಳಲ್ಲಿ ಬಗೆಹರಿಯುತ್ತವೆ.

ಸಂಕೋಚದ ಮಾತು ನನಗೆ ಅರ್ಥವಾಗುತ್ತದೆ. ಮೂತ್ರಪರೀಕ್ಷೆಯನ್ನು ಯಾವ ಪ್ರಯೋಗಾಲಯದಲ್ಲಾದರೂ ಮಾಡಿಸಬಹುದು, ಪಕ್ಕದ ಊರಿನದ್ದಾದರೂ ಸರಿ. ಗರ್ಭವಿಲ್ಲವೆಂದು ಖಚಿತವಾದರೂ ಗರ್ಭನಿರೋಧಕವನ್ನು ಈಗಲೇ ಕೈಬಿಡಬೇಡಿ. ಸತತವಾಗಿ 12 ತಿಂಗಳು ಮುಟ್ಟು ಬಾರದಿದ್ದರೆ ಮಾತ್ರ ಮುಟ್ಟು ನಿಂತಿದೆ ಎನ್ನುತ್ತೇವೆ. 50 ದಾಟದವರು ಕೊನೆಯ ಮುಟ್ಟಿನಿಂದ ಎರಡು ವರ್ಷ, ದಾಟಿದವರು ಒಂದು ವರ್ಷ ಎಚ್ಚರಿಕೆ ಮುಂದುವರಿಸಬೇಕು. ಮುಟ್ಟು ನಿಂತ ನಂತರ ಎಂದಾದರೂ ಒಂದು ಹನಿ ರಕ್ತ ಕಂಡರೂ ಕಿಟ್ ತರಿಸುತ್ತ ಕೂರದೆ ನೇರವಾಗಿ ಸ್ತ್ರೀರೋಗ ತಜ್ಞರ ಬಳಿ ಹೋಗಿ.